ಬಳ್ಳಿ ಒಲ್ಲೆನೆಂದ ಕೈ

ನಾನು ಸಾಯುತ್ತೇನೆ ಎಂಬ ಸುದ್ದಿ ಊರಿಗೆಲ್ಲ ಹಬ್ಬಿದ್ದು ಬೆಳಗಿನ ಉಪ್ಪಿಟ್ಟಿನ ಬಾಣಲೆ ಒಲೆಯಿಂದ ಇಳಿಯುವುದಕ್ಕೂ ಮೊದಲೇ. ನನಗೆ ಗೊತ್ತಾದದ್ದಕ್ಕೂ ಊರಿಗೆ ಗೊತ್ತಾದದ್ದಕ್ಕೂ ನಡುವೆ ಸಾಸಿವೆ ಸಿಡಿಯುವಷ್ಟು ಹೊತ್ತೂ ಇರಲಿಲ್ಲ. ಮೊದಲ ಎಲೆ ಹಾಕಿಸಿಕೊಂಡವನು ಟೈಲರ್ ಈರಣ್ಣ. ದಿನಾ ಬಂದು “ಅಕ್ಕಾ, ಉಪ್ಪು ಕಮ್ಮಿ” ಎಂದು ತಗಾದೆ ತೆಗೆಯದೆ ಅವನಿಗೆ ತಿಂದದ್ದು ಅರಗುವುದಿಲ್ಲ. ಅವತ್ತು ಎಲೆ ಬಳಿದು ತಿಂದು, ಕಣ್ಣೊರೆಸಿಕೊಂಡು, “ಎಂಥಾ ರುಚಿ ದೇವೀರಕ್ಕ ನಿಮ್ಮ ಕೈದು” ಎಂದ. ಈರಣ್ಣನ ಬಾಯಲ್ಲಿ ಹೊಗಳಿಕೆ ಬಂತೆಂದರೆ ನಾನು ನಿಜವಾಗಿಯೂ ಹೋಗುವವಳೇ ಸರಿ.

ನಮ್ಮೂರಿನ ಬಳ್ಳಿಯನ್ನು ನೋಡದವರಿಗೆ ಹೇಳುತ್ತೇನೆ. ಅದಕ್ಕೆ ಬೇರಿಲ್ಲ, ಎಲೆಯಿಲ್ಲ. ಅರಿಸಿನದ ನೀರಿನಲ್ಲಿ ಅದ್ದಿ ತೆಗೆದ ನೂಲಿನ ಹಾಗಿರುತ್ತದೆ. ಹಳ್ಳದ ದಂಡೆಯ ಎಲಚಿ ಪೊದೆಗಳ ಮೇಲೆ ರಾಶಿ ರಾಶಿ ಹರಡಿಕೊಂಡು ಬಿದ್ದಿರುತ್ತದೆ. ಬೀಜ ಒಡೆದು ಎದ್ದ ಸಸಿ ಮೊದಲು ಕಣ್ಣು ಕಾಣದವರ ಹಾಗೆ ತಲೆಯಾಡಿಸುತ್ತ ಸುತ್ತಲೂ ತಡಕುತ್ತದೆ. ಪಕ್ಕದಲ್ಲಿ ಯಾವ ಗಿಡವಿದೆ, ಅದರ ಮೈಯಲ್ಲಿ ರಸ ಎಷ್ಟಿದೆ, ಎಲ್ಲ ಅದಕ್ಕೆ ವಾಸನೆಯಲ್ಲೇ ತಿಳಿಯುತ್ತದೆ. ಒಳ್ಳೆಯ ಗಿಡ ಸಿಕ್ಕಿತೋ, ದಂಟಿಗೆ ಸುತ್ತಿಕೊಂಡು, ಸಣ್ಣ ಸಣ್ಣ ಹಲ್ಲು ಊರಿ ಹೀರತೊಡಗುತ್ತದೆ. ನೆಲದಲ್ಲಿದ್ದ ಬೇರು ಒಣಗಿ ಉದುರಿಹೋಗುತ್ತದೆ. ಅಲ್ಲಿಗೆ ನೆಲದ ಋಣ ಹರಿಯಿತು. ಆಮೇಲೆ ನೀವು ಅದನ್ನು ಕಿತ್ತು ಎಸೆದರೂ ಎಸೆದ ತುಂಡೇ ಇನ್ನೊಂದು ಗಿಡವನ್ನು ಹಿಡಿದು ಬದುಕುತ್ತದೆ, ಅಷ್ಟು ಗಟ್ಟಿ ಪಿಂಡ. ಆದರೆ ಎಷ್ಟೇ ಹಸಿದಿರಲಿ, ಸಾಯುವ ಗಿಡವನ್ನು ಮಾತ್ರ ಮುಟ್ಟುವುದಿಲ್ಲ. ನಮ್ಮ ಕಣ್ಣಿಗೆ ಎಲೆಯೆಲ್ಲ ಹಸಿರಾಗಿಯೇ ಕಾಣುತ್ತಿರುತ್ತದೆ. ಬಳ್ಳಿ ಹತ್ತಿರ ಹೋಗಿ, ಮೂಸಿ, ತಲೆ ತಿರುಗಿಸಿಕೊಂಡು ಬೇರೆ ಕಡೆಗೆ ನಡೆಯುತ್ತದೆ. ಆ ಗಿಡ ಮುಂದಿನ ಮಳೆ ಕಾಣುವುದಿಲ್ಲ.

ಗಿಡಕ್ಕೆ ಹೇಗೋ ನಮ್ಮೂರಿನ ಮನುಷ್ಯರಿಗೂ ಹಾಗೇ. ವರ್ಷಕ್ಕೊಮ್ಮೆ, ಮೊದಲ ಚಳಿ ಬಿದ್ದ ವಾರ, ದೊಡ್ಡವರೆಲ್ಲ ಬಲಗೈ ಮಣಿಕಟ್ಟಿಗೆ ಬಳ್ಳಿ ಹಾಕಿಸಿಕೊಳ್ಳುತ್ತೇವೆ. ಬೆರಳುದ್ದದ ಎಳೆ ತುಂಡೊಂದನ್ನು ಕೈಮೇಲೆ ಇಟ್ಟರೆ, ಅನ್ನ ಬೇಯುವಷ್ಟರಲ್ಲಿ ಅದು ಒಂದು ಸುತ್ತು ಸುತ್ತಿ ಹಲ್ಲೂರುತ್ತದೆ. ನೋವೇನಿಲ್ಲ, ಇರುವೆ ಕಚ್ಚಿದ ಹಾಗೆ ಒಂದು ಚುರುಕು. ರಕ್ತ ಹೀರುತ್ತದೆ, ಇಲ್ಲವೆನ್ನುವುದಿಲ್ಲ. ಅದಕ್ಕೇ ಆ ತಿಂಗಳುಗಳಲ್ಲಿ ಎಲ್ಲರೂ ಬೆಲ್ಲ, ಹುರಿಗಡಲೆ ಒಂದು ಹಿಡಿ ಜಾಸ್ತಿ ತಿನ್ನುತ್ತಾರೆ. ಬೇಸಿಗೆಗೆ ಸಣ್ಣ ಬಿಳಿ ಹೂ ಬಿಟ್ಟು ತಾನೇ ಒಣಗಿ ಉದುರುತ್ತದೆ. ಇದಕ್ಕೆ ತಕ್ಕ ಹಾಗೆ ಊರು ತನ್ನ ನಡಾವಳಿ ಮಾಡಿಕೊಂಡಿದೆ. ಹೆಂಗಸರಿಗೆ ಬಳೆ ಎಡಗೈಗೆ ಮಾತ್ರ. ಈರಣ್ಣ ಯಾರ ಅಂಗಿಯ ಬಲತೋಳಿಗೂ ಗುಂಡಿ ಹಾಕುವುದಿಲ್ಲ, ತೋಳು ಸಡಿಲವಾಗಿ ಬಿದ್ದಿರಬೇಕು, ಬಳ್ಳಿ ನಾಲ್ಕು ಜನರಿಗೆ ಕಾಣಬೇಕು. ಬೀಗರು ಹೆಣ್ಣು ನೋಡಲು ಬಂದರೆ ಮುಖಕ್ಕಿಂತ ಮೊದಲು ಮಣಿಕಟ್ಟು ನೋಡುತ್ತಾರೆ. ಬಳ್ಳಿ ಸುತ್ತುವುದು ಒಂದೇ ದಿಕ್ಕಿಗೆ: ನಮ್ಮ ಕೈಯನ್ನು ನಾವು ನೋಡಿಕೊಂಡರೆ ಬಲದಿಂದ ಎಡಕ್ಕೆ ಹತ್ತುತ್ತ ಮೊಣಕೈ ಕಡೆಗೆ ಬರುತ್ತದೆ. ಇವತ್ತಿನವರೆಗೆ ಒಂದು ಬಳ್ಳಿಯೂ ತಿರುವು ತಪ್ಪಿದ್ದಿಲ್ಲ. ಅದನ್ನು ನೋಡಿ ನೋಡಿ ನಮ್ಮ ಕಡೆ ಹಗ್ಗ ಹೊಸೆಯುವುದೂ ಎಡಕ್ಕೇ, ಬೀಸುವ ಕಲ್ಲು ತಿರುಗಿಸುವುದೂ ಎಡಕ್ಕೇ. ಹೊರಗಿನವರು ನಕ್ಕರೆ ನಗಲಿ.

ಬಳ್ಳಿ ಒಲ್ಲೆನೆಂದವರನ್ನು ಬರಿಗೈ ಅನ್ನುತ್ತೇವೆ. ಬರಿಗೈಯವರು ಮುಂದಿನ ಚಳಿ ಕಂಡದ್ದಿಲ್ಲ. ಹೋದ ವರ್ಷ ನೇಕಾರ ಮುದ್ದಯ್ಯನನ್ನು ಬಳ್ಳಿ ಒಲ್ಲೆನೆಂದಾಗ ಅವನ ಕೈ ಹಿಡಿದಿದ್ದವಳು ಹೆಂಡತಿ ನಿಂಗಮ್ಮ. ಇಟ್ಟಾಗ ಕೈ ಅಲುಗಿದರೆ ಬಳ್ಳಿ ಹಿಡಿಯುವುದಿಲ್ಲ, ಅದಕ್ಕೇ ಹತ್ತಿರದವರು ಒಬ್ಬರು ಕೆಳಗಿನಿಂದ ಮಣಿಕಟ್ಟನ್ನು ಹಿಡಿದುಕೊಂಡಿರಬೇಕು. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ, ಜೋಡಿ ಇಲ್ಲದವರಿಗೆ ಮಕ್ಕಳು. ಬರಿಗೈಯವರ ಕೈ ಹಿಡಿದವರು ಆ ವರ್ಷ ತಾವೂ ಬಳ್ಳಿ ಹಾಕಿಸಿಕೊಳ್ಳುವುದಿಲ್ಲ, ಅದು ಮರ್ಯಾದೆ. ನಿಂಗಮ್ಮ ಕೊರಗಿ ಕೊರಗಿ ಗಂಡನಿಗಿಂತ ಮುಂಚೆಯೇ ಹೋದಳು. ಅವಳ ಹಿಂದೆಯೇ ಮುದ್ದಯ್ಯ ಊಟ ಬಿಟ್ಟು ಮಲಗಿ ತಾನೂ ಹೋದ. ಎಂಥಾ ಜೋಡಿ ಎಂದು ಊರೆಲ್ಲ ಅತ್ತಿತು. ನಾನೂ ಮೂಗು ಸೀಟಿ ಸೀಟಿ ಅತ್ತಿದ್ದೆ.

ಈಗ ನಮ್ಮ ಮನೆ ವಿಷಯ. ನಮ್ಮದು ಮನೆ ಮುಂದುಗಡೆಯೇ ಇರುವ ಉಪ್ಪಿಟ್ಟಿನ ಹೋಟ್ಲು. ಒಳಗೆ ಒಲೆ ನನ್ನದು, ಹೊರಗೆ ಬೆಂಚು ನಮ್ಮವರದು. ನಮ್ಮವರ ಹೆಸರು ಮರುಳಪ್ಪ. ನಾನು ಒಳಗಿನಿಂದ ಕಿರುಚುವುದು, ಅವರು ಹೊರಗೆ ಗಿರಾಕಿಗಳಿಗೆ ಕಣ್ಣು ಹೊಡೆದು ನಗುವುದು, ಇದು ನಮ್ಮ ಸಂಸಾರ. “ದೇವೀರಕ್ಕನ ಬಾಯಿ, ಮರುಳಣ್ಣನ ಕಾಫಿ, ಎರಡೂ ಬಿಸಿ ಇದ್ರೇನೇ ಚೆಂದ” ಎಂದು ಜನ ಆಡಿಕೊಳ್ಳುತ್ತಾರೆ. ಅವರಿಗೆ ಕಾಫಿ ಬಿಟ್ಟು ಇನ್ನೇನೂ ಮಾಡಲು ಬಾರದು. ನಾನು ತವರಿಗೆ ಹೋಗಿದ್ದಾಗ ಅವಲಕ್ಕಿಗೆ ಬಿಸಿನೀರು ಹಾಕಿ ಅಂಟು ಮಾಡಿ, ಅದನ್ನೇ ತಿಂದುಕೊಂಡಿದ್ದ ಮನುಷ್ಯ.

ಆ ಬೆಳಿಗ್ಗೆ ಬಳ್ಳಿ ಸಿದ್ದಮ್ಮ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತು ಬಂದಳು. ಕೇರಿಯಿಂದ ಕೇರಿಗೆ ಹೋಗಿ ಬಳ್ಳಿ ಹಾಕುವುದು ಅವಳ ಕೆಲಸ. ಒಲೆ ಮುಂದೆ ಇರುವವಳು ಅಂತ ನಮ್ಮ ಮನೆಯಲ್ಲಿ ಯಾವಾಗಲೂ ನನಗೇ ಮೊದಲು. ನಾನು ಸೆರಗಿಗೆ ಕೈ ಒರೆಸಿಕೊಂಡು ಜಗುಲಿ ಮೇಲೆ ಕೂತೆ. ನಮ್ಮವರು ಎದುರು ಕೂತು, ತಮ್ಮ ಎರಡೂ ಕೈಯನ್ನು ನನ್ನ ಮಣಿಕಟ್ಟಿನ ಕೆಳಗೆ ಬಟ್ಟಲಿನ ಹಾಗೆ ಮಾಡಿ ಹಿಡಿದರು. ಸಿದ್ದಮ್ಮ ತುಂಡು ಇಟ್ಟಳು. ನಾನು ಅವಳ ಜೊತೆ ಹರಟೆ ಹೊಡೆಯುತ್ತಿದ್ದೆ. ಯಾರ ಮಗಳು ಬಸುರಿ, ಯಾರ ಎಮ್ಮೆ ಹಾಲು ಬಿಟ್ಟಿತು. ಮಾತಾಡುತ್ತಿದ್ದವಳು ಸಿದ್ದಮ್ಮನ ಮುಖ ನೋಡಿ ನಿಲ್ಲಿಸಿದೆ. ಅವಳ ಬಾಯಿ ತೆರೆದೇ ಇತ್ತು.

ಬಳ್ಳಿಯ ತುದಿ ನನ್ನ ಮಣಿಕಟ್ಟಿನ ಬದಿಯಿಂದ ಕೆಳಗೆ ಇಳಿದಿತ್ತು, ಸುತ್ತು ಹಾಕಲು. ಅಲ್ಲೇ ನಿಂತು, ಒಂದಿಷ್ಟು ನಡುಗಿ, ಹಿಂದಕ್ಕೆ ಬಂತು. ಮತ್ತೆ ಮೇಲೆದ್ದು ತಲೆಯನ್ನು ಗಾಳಿಗೆ ಎತ್ತಿ ಹಿಡಿಯಿತು. ಬೆರಳಿನ ಕಡೆ ಹೊರಳಿ, ಕೈಯಿಂದ ಜಾರಿ, ಜಗುಲಿ ಕಲ್ಲಿನ ಮೇಲೆ ಬಿತ್ತು.

“ಅಯ್ಯೋ ನನ್ನವ್ವಾ!” ಎಂದಳು ಸಿದ್ದಮ್ಮ.

“ತುಂಡು ಬಾಡೈತೆ, ಇನ್ನೊಂದು ಇಡು” ಅಂದೆ ನಾನು.

“ಒಲ್ಲೆ ಅಂದಿದ್ದನ್ನ ಮತ್ತೆ ಕೇಳಬಾರ್ದು ಕಣೆ ತಾಯೀ. ನಿಂಗೂ ಗೊತ್ತು.” ಅವಳು ಬುಟ್ಟಿ ಎತ್ತಿಕೊಂಡು, ನನ್ನ ಕಡೆ ತಿರುಗಿ ನೋಡದೆ, ಓಡಿದ ಹಾಗೇ ಹೋದಳು. ಆ ಬುಟ್ಟಿಯ ಜೊತೆಯೇ ಸುದ್ದಿಯೂ ಹೋಯಿತು.

ನಮ್ಮವರು ನನ್ನ ಕೈ ಬಿಟ್ಟಿರಲಿಲ್ಲ. ಮುಖ ಬೂದಿ ಬಳಿದ ಹಾಗಾಗಿತ್ತು. “ನಂಗೂ ಬ್ಯಾಡ ಬಿಡು ಈ ವರ್ಷ” ಎಂದರು. “ನಿಂಗಿಲ್ಲದ್ದು ನಂಗ್ಯಾಕೆ?” ನನಗೆ ಅಳು ಬರಲಿಲ್ಲ. ಕೋಪ ಬಂತು. ಒಂದು ಕೆಮ್ಮಿಲ್ಲ, ಒಂದು ನೆಗಡಿಯಿಲ್ಲ, ತುಂಬಿದ ಹಂಡೆಯನ್ನು ಒಬ್ಬಳೇ ಎತ್ತಿ ಇಳಿಸುವವಳು ನಾನು. ನನಗೇನು ಸಾಯುವ ರೋಗ! ಎದ್ದು ಒಳಗೆ ಹೋಗಿ, ರವೆ ಹಾಕಿ ಬಾಣಲೆಯನ್ನು ಗರಗರ ತಿರುವಿದೆ. ತಿರುವುತ್ತ ತಿರುವುತ್ತ ನನ್ನ ಬರಿಗೈ ಕಣ್ಣಿಗೆ ಬಿದ್ದು ಸೌಟು ಜಾರಿ ಬೂದಿಗೆ ಬಿತ್ತು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ! ಬದುಕಿರುವಾಗಲೇ ನನ್ನ ತಿಥಿಯನ್ನು ನಾನೇ ಬಡಿಸಿದ ಹಾಗಿತ್ತು. ಗಿರಾಕಿಗಳು ಬಂದು ಎರಡೆರಡು ಸಲ ಹಾಕಿಸಿಕೊಂಡು ತಿಂದರು, ಮತ್ತೆ ಸಿಗುವುದಿಲ್ಲವಲ್ಲ. ಯಾರೂ ಚೌಕಾಸಿ ಮಾಡಲಿಲ್ಲ, ಯಾರೂ ಜಗಳಕ್ಕೆ ಬರಲಿಲ್ಲ. ನಾನೇ ಕಾಲು ಕೆರೆದು ಬೈದರೂ “ಪಾಪ, ಬೈಲಿ ಬಿಡಿ” ಎಂದು ಕೈ ಮುಗಿದರು. ಜಗಳಕ್ಕೂ ಯೋಗ್ಯಳಲ್ಲದವಳಾದೆನಲ್ಲ ಎಂದು ಹೊಟ್ಟೆ ಉರಿಯಿತು. ನಮ್ಮವರ ಅಕ್ಕ ಹೊಂಬಾಳಮ್ಮ, ಹಬ್ಬಕ್ಕೂ ಈ ಕಡೆ ತಲೆ ಹಾಕದವರು, ಕಣ್ಣೀರು ಸುರಿಸುತ್ತ ಬಂದರು. ಅಳುತ್ತಲೇ ಒಳಗೆಲ್ಲ ಒಂದು ಸುತ್ತು ಬಂದರು. ಬಚ್ಚಲಿನ ತಾಮ್ರದ ಹಂಡೆಯ ಮೇಲೆ ಕೈಯಾಡಿಸಿ, “ಇದು ನಮ್ಮವ್ವಂದು ಅಲ್ವೇನೆ ದೇವೀರಿ?” ಎಂದರು.

“ಹೌದತ್ತಿಗೆ. ನಾನಿನ್ನೂ ಅದ್ರಲ್ಲೇ ನೀರು ಕಾಯಿಸ್ತಿದ್ದೀನಿ. ನನ್ನ ಹೆಣ ತೊಳ್ಯಾಕೂ ಬೇಕಾಯ್ತದೆ. ಆಮ್ಯಾಕೆ ತಗೊಂಡೋಗಿ.”

“ಬಿಡ್ತು ಅನ್ನು, ಬಿಡ್ತು ಅನ್ನು” ಎಂದರು, ಆದರೆ ಕೈಯನ್ನು ಹಂಡೆಯಿಂದ ತೆಗೆಯಲಿಲ್ಲ.

ನನಗೆ ನಿಜವಾಗಿ ಚಿಂತೆ ಹತ್ತಿದ್ದು ನಮ್ಮವರದು. ಸಾಯುವವಳು ನಾನು ಸತ್ತುಹೋಗುತ್ತೇನೆ, ಅದರಲ್ಲೇನು ಕಷ್ಟ. ಈ ಮನುಷ್ಯ ಏನು ತಿಂದು ಬದುಕುತ್ತಾರೆ? ಮಗಳು ರೇವತಿ ಇದೇ ಊರಿನಲ್ಲಿದ್ದಾಳೆ, ಸರಿ. ಆದರೆ ಅವಳದು ತುಂಬಿದ ಮನೆ, ಅತ್ತೆಯ ಕೈಕೆಳಗೆ. ಅಪ್ಪ ದಿನಾ ಹೋಗಿ ಅಲ್ಲಿ ಎಲೆ ಮುಂದೆ ಕೂರುತ್ತಾರೆಯೇ? ಅದಕ್ಕೇ ಅವರಿಗೆ ಅಡುಗೆ ಕಲಿಸಲು ಹೊರಟೆ. ಗಿರಾಕಿಗಳು ಹೋದ ಮೇಲೆ ಒಲೆ ಮುಂದೆ ಕೂರಿಸಿ, “ಎಣ್ಣೆ ಕಾಯ್ಲಿ, ಆಮೇಲೆ ಸಾಸಿವೆ. ಸಾಸಿವೆ ಸಿಡಿದ್ಮೇಲೆ ಕಡ್ಲೆಬೇಳೆ. ಅದು ಕೆಂಪಗಾಗೋವರ್ಗೂ ಅಲ್ಲಿ ಇಲ್ಲಿ ನೋಡಬೇಡ್ರಿ” ಎಂದು ಹೇಳಿಕೊಡುತ್ತಿದ್ದೆ. ಅವರು ತಲೆಯಾಡಿಸುತ್ತಲೇ ಎಲ್ಲ ಸೀದು ಹಾಕುತ್ತಿದ್ದರು. ಒಮ್ಮೊಮ್ಮೆ ಸೌಟು ಹಿಡಿದವರು ಹಾಗೇ ನಿಂತು, ಹೊಟ್ಟೆಯನ್ನು ಒಲೆಕಟ್ಟೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು.

“ಏನ್ರೀ ಅದು, ನಿದ್ದೆ ಮಾಡ್ತಿದ್ದೀರಾ?”

“ಇಲ್ಲ ಕಣೇ. ಯೋಚ್ನೆ.”

ಮಾಡಿದ್ದನ್ನಾದರೂ ತಿನ್ನಿ ಎಂದರೆ ಎರಡು ತುತ್ತು ತಿಂದು ಎಲೆ ಮಡಿಚುವರು. ಹಸಿವೇ ಇಲ್ಲ ಎನ್ನುವರು. ಪಂಚೆ ಸೊಂಟದಲ್ಲಿ ನಿಲ್ಲದೆ ಬೆಲ್ಟು ಬಿಗಿದಿದ್ದರು. ಹೆಂಡತಿ ಸಾಯುತ್ತಾಳೆಂದರೆ ಯಾವ ಗಂಡನಿಗೆ ಅನ್ನ ಇಳಿಯುತ್ತದೆ? ನೋಡಿದವರೆಲ್ಲ “ನಿಂಗಮ್ಮನ ಹಾಗೇ ಕೊರಗ್ತಾವ್ರೆ” ಎಂದು ಮರುಗಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಒಳಗೊಳಗೇ ಒಂದು ಹೆಮ್ಮೆಯೂ ಆಯಿತು. ಇಷ್ಟು ವರ್ಷ ಬೈಸಿಕೊಂಡವರಿಗೆ ನನ್ನ ಮೇಲೆ ಇಷ್ಟು ಜೀವವಿದೆಯೆಂದು ಯಾರಿಗೆ ಗೊತ್ತಿತ್ತು!

ಒಂದು ಮಧ್ಯಾಹ್ನ ಅವರು ಬಾಗಿಲು ಮುಂದೆ ಮಾಡಿ, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿದರು. ಒಳಗೆ ಬಳ್ಳಿ ತುಂಡು. ಒಲ್ಲೆನೆಂದ ಮೇಲೆ ಎರಡನೇ ಸಲ ಕೇಳುವುದು ನಮ್ಮೂರಲ್ಲಿ ಯಾರೂ ಮಾಡದ ಕೆಲಸ. ದಾರಿಯಲ್ಲಿ ಉಗುಳಲೂ ಹೆದರುವ ಈ ಮನುಷ್ಯ ಹಳ್ಳದ ದಂಡೆಗೆ ಹೋಗಿ ಕದ್ದು ತಂದಿದ್ದಾರೆ!

“ಬ್ಯಾಡ್ರೀ. ಊರಿಗೆ ತಿಳಿದ್ರೆ...”

“ಊರು ಹಾಳಾಗ್ಲಿ. ಕೂತ್ಕೋ. ಒಂದೇ ಒಂದ್ಸಲ ನೋಡೋಣ. ನಂಗೋಸ್ಕರ.”

ಮತ್ತೆ ಎದುರು ಕೂತು, ಮತ್ತೆ ಅದೇ ಹಾಗೆ ಎರಡು ಕೈ ಬಟ್ಟಲು ಮಾಡಿ ನನ್ನ ಮಣಿಕಟ್ಟು ಹಿಡಿದರು. ಅವರ ಕೈ ಬಿಸಿಯಾಗಿತ್ತು. ಕಾಫಿ ಲೋಟ ಹಿಡಿಯುವ ಕೈ ಅಲ್ಲವೇ ಎಂದುಕೊಂಡೆ. ಬಳ್ಳಿ ನನ್ನ ಕೈಮೇಲೆ ಚುರುಕಾಗಿ ಹೊರಟಿತು, ಬದಿಗೆ ಇಳಿಯಿತು, ಮತ್ತೆ ಅಲ್ಲೇ ನಿಂತಿತು. ಕೆಂಡ ಮುಟ್ಟಿದ ಹಾಗೆ ಹಿಂದಕ್ಕೆ ಸೇದಿಕೊಂಡು ಹೊರಳಿತು. ಆಗ ಮಾತ್ರ ನನ್ನ ಧೈರ್ಯವೆಲ್ಲ ಹೋಯಿತು. ಮೊದಲ ಸಲದ್ದು ಏನೋ ತಪ್ಪು ಎಂದು ಒಂದು ಆಸೆಯ ಎಳೆ ಉಳಿದಿತ್ತು, ಅದೂ ಹರಿಯಿತು. ತುಂಡನ್ನು ಎತ್ತಿ ಹಿತ್ತಲ ಬಾಗಿಲಿನಿಂದ ಎಸೆದು, ಗೋಡೆಗೆ ಮುಖ ಮಾಡಿ ಗೋಳೋ ಎಂದು ಅತ್ತೆ. ನಮ್ಮವರು ಹಿಂದೆ ಬಂದು ನಿಂತು ನನ್ನ ಬೆನ್ನ ಮೇಲೆ ಕೈಯಿಟ್ಟರು. ಅವರೂ ಅಳುತ್ತಿದ್ದರು.

ಎಸೆದ ತುಂಡನ್ನು ನಾನು ಮರೆತೆ. ಅದು ನನ್ನನ್ನು ಮರೆಯಲಿಲ್ಲ. ಹಿತ್ತಲ ಗೋಡೆಯ ಪಕ್ಕ ಒಂದು ಟೊಮೇಟೊ ಗಿಡ ತಾನಾಗಿ ಎದ್ದಿತ್ತು, ಮುಸುರೆ ನೀರಿಗೆ ಸೊಂಪಾಗಿ ಬೆಳೆದಿತ್ತು. ಮಧ್ಯಾಹ್ನದ ಪಾತ್ರೆ ಆದ ಮೇಲೆ ನಾನು ಆ ಗೋಡೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚುವುದು ಹಳೆಯ ಅಭ್ಯಾಸ. ತುಂಡು ಎಸೆದ ಕೆಲವು ದಿನಕ್ಕೆ ಹಾಗೇ ಕೂತವಳಿಗೆ ಗಾಢವಾಗಿ ನಿದ್ದೆ ಹತ್ತಿತು. ಮಣಿಕಟ್ಟಿನಲ್ಲಿ ಇರುವೆ ಕಚ್ಚಿದ ಹಾಗಾಗಿ ಎಚ್ಚರಾಯಿತು. ಹೊಸಕಲು ಎಡಗೈ ಎತ್ತಿದವಳು ಎತ್ತಿದ ಹಾಗೇ ಉಳಿದೆ.

ಟೊಮೇಟೊ ಗಿಡದಿಂದ ಒಂದು ಹಳದಿ ಎಳೆ ಇಳಿದು ಬಂದು ನನ್ನ ಬಲಗೈಗೆ ಎರಡು ಸುತ್ತು ಹಾಕಿತ್ತು. ಬಲದಿಂದ ಎಡಕ್ಕೆ, ಸರಿಯಾದ ತಿರುವು. ಹಲ್ಲೂರಿದ ಕಡೆ ಚರ್ಮ ಕೆಂಪಗೆ ಉಬ್ಬಿತ್ತು. ಕನಸಿರಬೇಕೆಂದು ತೊಡೆ ಚಿವುಟಿಕೊಂಡೆ, ನೋವಾಯಿತು. ಮೆಲ್ಲಗೆ ಎಳೆದು ನೋಡಿದೆ, ಚರ್ಮವೂ ಜೊತೆಗೆ ಬಂತು.

“ರೀ! ರೀ ಬನ್ರೀ! ಹಿಡೀತು! ನನ್ನ ಬಳ್ಳಿ ಹಿಡೀತು!”

ನಮ್ಮವರು ಕಾಫಿ ಸೋಸುತ್ತಿದ್ದ ಬಟ್ಟೆ ಕೈಯಲ್ಲೇ ಹಿಡಿದು ಓಡಿ ಬಂದರು. ಅಪ್ಪನಿಗೆಂದು ಹುಳಿ ತಂದಿದ್ದ ರೇವತಿಯೂ ಹಿಂದೆಯೇ ಬಂದಳು. ಗಿಡದ ಕಡೆಯ ಎಳೆಯನ್ನು ಅವಳೇ ಉಗುರಿನಿಂದ ಕತ್ತರಿಸಿ ನನ್ನನ್ನು ಬಿಡಿಸಿದಳು. ನಮ್ಮವರು ನೋಡಿದರು, ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಆಮೇಲೆ ಆ ವಯಸ್ಸಾದ ಮನುಷ್ಯ, ಕೈಲಿ ಕಾಫಿ ಬಟ್ಟೆ ಹಿಡಿದುಕೊಂಡು, ಹಿತ್ತಲಿನಲ್ಲಿ ಕುಣಿದರು. ನಿಜವಾಗಿ ಕುಣಿದರು, ಸುಳ್ಳಲ್ಲ. “ನಮ್ಮಕ್ಕನಿಗೆ ಹಂಡೆ ಇಲ್ಲ! ಹಂಡೆ ಇಲ್ಲ!” ಎಂದು ಹಾಡು ಬೇರೆ. ನಾನು ನಕ್ಕು ನಕ್ಕು ಬಿದ್ದೆ. ರೇವತಿ ನನ್ನನ್ನು ತಬ್ಬಿಕೊಂಡು ಅತ್ತಳು.

ಅವಳೇ ಮೊದಲು ಕೇಳಿದ್ದು. “ಅಲ್ಲಮ್ಮಾ, ಹಂಗಾದ್ರೆ ಅವತ್ತು ಯಾಕೆ ಒಲ್ಲೆ ಅಂತು?”

“ಆ ಸಿದ್ದಮ್ಮ ಬಾಡಿರೋ ತುಂಡು ತಂದಿದ್ಳು ಕಣೆ” ಎಂದು ನಮ್ಮವರು ನಕ್ಕರು. “ನಾನು ತಂದಿದ್ದೂ ಬಿಸಿಲಿಗೆ ಬಾಡಿತ್ತು ಅಂತ ಕಾಣ್ತದೆ. ಈಗ ನೋಡು, ಗಿಡದ ಮೇಲಿಂದು, ಹಸೀದು. ಎಷ್ಟು ಚೆನ್ನಾಗಿ ಹಿಡಿದೈತೆ!” ಹೀಗೆಂದು ಹತ್ತಿರ ಬಂದು, ಮತ್ತೆ ಅದೇ ಹಾಗೆ, ಕೆಳಗಿನಿಂದ ನನ್ನ ಮಣಿಕಟ್ಟನ್ನು ಎರಡು ಕೈಯಲ್ಲಿ ಹಿಡಿದು ಎತ್ತಿ ನೋಡತೊಡಗಿದರು.

ಬಳ್ಳಿಯ ತುದಿ ಇನ್ನೂ ಹಿಡಿದಿರಲಿಲ್ಲ, ಮೂರನೇ ಸುತ್ತಿಗೆಂದು ಕೆಳಗೆ ಬಾಗಿತ್ತು. ಅವರ ಹೆಬ್ಬೆರಳು ಅದರ ಪಕ್ಕಕ್ಕೆ ಬಂತು. ನಾನು ನೋಡುತ್ತಿದ್ದೆ. ತುದಿ ನಡುಗಿತು. ಹೆಬ್ಬೆರಳ ಕಡೆಯಿಂದ ತಲೆ ತಿರುಗಿಸಿ ಹಿಂದಕ್ಕೆ, ಹಿಂದಕ್ಕೆ ಬಾಗಿ, ತನ್ನ ಮೈಮೇಲೆ ತಾನೇ ಮಲಗಿಬಿಟ್ಟಿತು.

ನಾನು ಕೈ ಕಿತ್ತುಕೊಂಡು ಸೆರಗಿನೊಳಗೆ ಮುಚ್ಚಿಕೊಂಡೆ. “ಏನಾಯ್ತೇ?” ಎಂದರು. “ಚಳಿ” ಎಂದೆ. ಮಧ್ಯಾಹ್ನದ ಬಿಸಿಲಿನಲ್ಲಿ ಚಳಿ! ಜಗುಲಿ ಮೇಲೆ ಹಿಡಿದದ್ದು ಆ ಕೈ. ಬಾಗಿಲು ಹಾಕಿಕೊಂಡು ಹಿಡಿದದ್ದು ಆ ಕೈ. ನನ್ನ ಕೈಯನ್ನು ಬಳ್ಳಿ ಯಾವತ್ತೂ ಒಲ್ಲೆನೆಂದಿರಲೇ ಇಲ್ಲ. ನಿಂಗಮ್ಮ ಕಣ್ಣ ಮುಂದೆ ಬಂದಳು. ಅಯ್ಯೋ ಶಿವನೇ, ಅವಳು ಕೊರಗಿ ಸತ್ತವಳೇ? ಅವಳಿಗೂ ಮುಂಚೆ ಎಷ್ಟು ಜನ, ‘ಎಂಥಾ ಜೋಡಿ’ ಎಂದು ಊರು ಅತ್ತದ್ದು ಎಷ್ಟು ಸಲ! ಕೆಳಗೆ ಹಿಡಿದವರ ಕೈಯನ್ನು ಯಾರಾದರೂ ಒಬ್ಬರು ನೋಡಿದೆವೇ? ಪಂಚೆ ನಿಲ್ಲದ ಸೊಂಟ, ಒಲೆಕಟ್ಟೆಗೆ ಒತ್ತಿಕೊಂಡ ಹೊಟ್ಟೆ, ಮಡಿಚಿಟ್ಟ ಎಲೆ, ಎಲ್ಲ ಕಣ್ಣ ಮುಂದೆಯೇ ಇತ್ತು. ಅದನ್ನೆಲ್ಲ ನಾನು ನನ್ನ ಮೇಲಿನ ಪ್ರೀತಿ ಎಂದು ಲೆಕ್ಕ ಹಾಕಿ ಹಿಗ್ಗಿದ್ದೆನಲ್ಲ.

ರೇವತಿ ಊರಿಗೆಲ್ಲ ಹೇಳಿಬರುತ್ತೇನೆಂದು ಕುಣಿಯುತ್ತ ಹೋದಳು. ನಮ್ಮವರು ಟೊಮೇಟೊ ಗಿಡದಿಂದ ಒಂದು ಎಳೆ ಬಳ್ಳಿ ಕಿತ್ತು ತಂದು ನನ್ನ ಮುಂದೆ ಕೂತರು. ಮದುವೆ ಗಂಡಿನ ಹಾಗೆ ಮುಖ ಬೆಳಗುತ್ತಿತ್ತು.

“ಈಗ ನಂಗೂ ಹಾಕೇ. ನಿಂಗೆ ಹಿಡೀತಲ್ಲ, ಇನ್ನು ನಂಗೇನಡ್ಡಿ? ಸಿದ್ದಮ್ಮ ಯಾತಕ್ಕೆ, ನೀನೇ ಹಾಕು.” ಅಂಗಿಯ ಬಲತೋಳು ಮಡಿಚಿ ಕೈ ಚಾಚಿದರು. ಆ ಕೈಯಲ್ಲಿ ಮೂಳೆ ಎದ್ದು ಕಾಣುತ್ತಿತ್ತು. ಇಷ್ಟು ದಿನ ಎಲ್ಲಿತ್ತೋ ನನ್ನ ಕಣ್ಣು.

“ನಾಳೆ ಹಾಕಿದ್ರಾಯ್ತು ಬಿಡ್ರಿ.”

“ನಾಳೆ ಯಾಕೆ? ಊರೋರು ಈಗ ಬರ್ತಾರೆ. ಇಬ್ರೂ ಕೈ ತೋರ್ಸೋಣ.”

ಹಾಕದೆ ಇದ್ದರೆ ಅವರೇ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಂಡರೆ ಅವರ ಕಣ್ಣೆದುರೇ ಅದು ಹೊರಳುತ್ತದೆ. ನಾನು ಬಾಣಲೆ ಮುಂದೆ ಬೂದಿಗೆ ಸೌಟು ಬೀಳಿಸಿದ್ದೆನಲ್ಲ, ಆ ಗಳಿಗೆ ಇವರಿಗೆ ಬೇಡ. ಈ ನಗು ಮುಖದಿಂದ ಹೋಗುವುದು ಬೇಡ. “ಸರಿ, ಕಣ್ಣು ಮುಚ್ಚಿ. ಮಾತಾಡಬೇಡಿ, ಅಲುಗಬೇಡಿ” ಎಂದು ಗದರಿದೆ. ಯಾವತ್ತೂ ನನ್ನ ಮಾತು ಮೀರದವರು ಕಣ್ಣು ಮುಚ್ಚಿದರು. ಅನ್ನ ಬೇಯುವಷ್ಟು ಹೊತ್ತು ಹಾಗೇ ಕೂತಿದ್ದರು. ಬಳ್ಳಿ ಮಣಿಕಟ್ಟಿನ ಮೇಲೆ ಒಂದು ಸಲ ತಲೆಯೆತ್ತಿ ಹೊರಡಲು ನೋಡಿತು. ನಾನು ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಗಾಳಿ ಸೋಕಿದ ಹಾಗೆ ಮೆಲ್ಲಗೆ, ಎಡಕ್ಕೆ ಎಡಕ್ಕೆ ತಿರುಗಿಸಿ, ಮಣಿಕಟ್ಟಿನಿಂದ ಮೊಣಕೈ ಕಡೆಗೆ ಮೂರು ಸುತ್ತು ಸುತ್ತಿದೆ. ತುದಿಯನ್ನು ಕೆಳಗಿನ ಸುತ್ತಿನೊಳಗೆ ಸಿಕ್ಕಿಸಿದೆ. ಹಲ್ಲು ಊರಿದ ಹಾಗೆ ಉಗುರಿನಿಂದ ಒಂದು ಸಲ ಚುಚ್ಚಿದೆ.

“ಹಿಡೀತು ಕಣ್ರೀ” ಎಂದೆ.

ಕಣ್ಣು ಬಿಟ್ಟರು. “ಗೊತ್ತಾಯ್ತು, ಚುರುಕ್ ಅಂತು” ಎಂದು ಮಗುವಿನ ಹಾಗೆ ನಕ್ಕರು. “ನಿನ್ನ ಕೈ ಕೊಡಿಲ್ಲಿ, ಜೋಡಿ ನೋಡೋಣ.” ನನ್ನ ಕೈ ಎಳೆದು ತಮ್ಮ ಕೈಯ ಪಕ್ಕಕ್ಕೆ, ಒಂದೇ ಸಾಲಿನಲ್ಲಿ ಇಟ್ಟುಕೊಂಡರು.

ಆಗ ನೋಡಿದೆ. ನನ್ನ ಕೈಯದು ಬಲದಿಂದ ಎಡಕ್ಕೆ ಹತ್ತಿತ್ತು. ಅವರದು ಎಡದಿಂದ ಬಲಕ್ಕೆ ಹತ್ತಿತ್ತು. ನಾನು ಎದುರು ಕೂತು ಸುತ್ತಿದ್ದೆ. ನನ್ನ ಕಡೆಯಿಂದ ಎಡವಾದದ್ದು ಅವರ ಕಡೆಯಿಂದ ಬಲವಾಗಿತ್ತು. ನಮ್ಮೂರಿನಲ್ಲಿ ಹಾಲು ಹಲ್ಲಿನ ಮಗುವೂ ಆ ತಪ್ಪನ್ನು ದೂರದಿಂದಲೇ ಹೇಳುತ್ತದೆ.

ನಮ್ಮವರು ಎರಡು ಕೈಯನ್ನೂ ನೋಡಿದರು. ನಗು ಮುಖದ ಮೇಲೆ ಹಾಗೇ ಇತ್ತು, ಅದರ ಹಿಂದೆ ಏನೋ ನಿಂತುಹೋಯಿತು. ಸಿಕ್ಕಿಸಿದ ತುದಿಯನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದರು. ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ಬೀದಿಯ ಕಡೆಯಿಂದ ಜನರ ಗದ್ದಲ ಹತ್ತಿರ ಬರುತ್ತಿತ್ತು, ಈರಣ್ಣನ ದನಿ ಎಲ್ಲರಿಗಿಂತ ಜೋರಾಗಿತ್ತು: “ದೇವೀರಕ್ಕಾ, ಇವತ್ತಿನ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಇತ್ತು!”

“ಚೆನ್ನಾಗೇ ಹಿಡಿದೈತೆ ಕಣೇ” ಎಂದರು ನಮ್ಮವರು. ಮಡಿಚಿದ್ದ ತೋಳನ್ನು ಕೆಳಗೆ ಎಳೆದು ಬಳ್ಳಿಯನ್ನು ಪೂರ್ತಿ ಮುಚ್ಚಿದರು. “ಹೋಗು, ಸೂಜಿ ದಾರ ತಾ. ಅವ್ರು ಬರೋದ್ರೊಳ್ಗೆ ಈ ತೋಳಿಗೆ ಒಂದು ಗುಂಡಿ ಹಾಕಿಬಿಡು.”

ಹೋಗಿ ತಂದೆ. ಕಣ್ಣು ತುಂಬಿ ಸೂಜಿಯ ತೂತು ಕಾಣಲಿಲ್ಲ. ಅವರೇ ನನ್ನ ಕೈಯಿಂದ ತೆಗೆದುಕೊಂಡು, ದಾರ ಪೋಣಿಸಿ ಕೊಟ್ಟರು.